ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆ

ತೊಡೆಸಂದಿನ ಹರ್ನಿಯಾ ಶಸ್ತ್ರಚಿಕಿತ್ಸೆ ಎಂಬುದು ಕಿಬ್ಬೊಟ್ಟೆಯ ಗೋಡೆಯ ದುರ್ಬಲ ಭಾಗದಿಂದ ತೊಡೆಸಂದಿಗೆ ಉಬ್ಬಿಬಂದ ಕರುಳು ಅಥವಾ ಕೊಬ್ಬನ್ನು ಹಿಂದಕ್ಕೆ ಸೇರಿಸಿ, ಆ ಭಾಗವನ್ನು ಬಲಪಡಿಸುವ ಶಸ್ತ್ರಕ್ರಿಯೆ. ಕನ್ನಡದಲ್ಲಿ ಹರ್ನಿಯಾವನ್ನು ಅಂಡವಾಯು ಎಂದೂ ಕರೆಯುತ್ತಾರೆ. ಆದರೆ ವೃಷಣದ ಸುತ್ತ ನೀರು ತುಂಬುವ ಹೈಡ್ರೋಸೀಲ್‌ಗೂ ಇದೇ ಹೆಸರನ್ನು ಬಳಸುವುದುಂಟು. ಇವೆರಡೂ ಬೇರೆಬೇರೆ ತೊಂದರೆಗಳು. ಇಲ್ಲಿನ ವಿವರಗಳು ವಯಸ್ಕರಿಗೆ ಸಂಬಂಧಿಸಿದವು.

ಅಗತ್ಯ

ಹರ್ನಿಯಾ ಔಷಧಿಯಿಂದಾಗಲಿ, ವ್ಯಾಯಾಮದಿಂದಾಗಲಿ, ಸೊಂಟಪಟ್ಟಿಯಿಂದಾಗಲಿ ಮುಚ್ಚಿಕೊಳ್ಳುವುದಿಲ್ಲ. ಹಾಗೆಂದು ಪ್ರತಿಯೊಬ್ಬರಿಗೂ ತಕ್ಷಣ ಶಸ್ತ್ರಚಿಕಿತ್ಸೆ ಬೇಕೆಂದಿಲ್ಲ. ಉತ್ತರ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೋವಿಲ್ಲದ ಅಥವಾ ಅಲ್ಪ ನೋವಿನ ಪುರುಷರು ವೈದ್ಯರ ನಿಗಾದಲ್ಲಿ ಕಾಯುವುದು ಸುರಕ್ಷಿತವೆಂದು ತೋರಿಸಿತು. ಆದರೆ ಹೀಗೆ ಕಾದವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ಹತ್ತು ವರ್ಷಗಳೊಳಗೆ, ಬಹುಪಾಲು ನೋವಿನ ಕಾರಣದಿಂದ, ಶಸ್ತ್ರಚಿಕಿತ್ಸೆಗೆ ಒಳಗಾದರು. ಮಹಿಳೆಯರಲ್ಲಿ ಕರುಳು ಸಿಕ್ಕಿಕೊಳ್ಳುವ ಅಪಾಯ ಹೆಚ್ಚಿರುವ ತೊಡೆಯ ಹರ್ನಿಯಾ ಇರುವ ಸಾಧ್ಯತೆ ಅಧಿಕವಾದ್ದರಿಂದ, ಕಾಯುವ ಸಲಹೆಯನ್ನು ಸಾಮಾನ್ಯವಾಗಿ ನೀಡುವುದಿಲ್ಲ.

ಉಬ್ಬು ಒಳಹೋಗದೆ ಗಟ್ಟಿಯಾಗಿ, ತೀವ್ರ ನೋವು, ವಾಂತಿ ಕಾಣಿಸಿಕೊಂಡರೆ ಕರುಳಿಗೆ ರಕ್ತಪೂರೈಕೆ ನಿಲ್ಲುತ್ತಿರಬಹುದು. ಇದು ತುರ್ತುಸ್ಥಿತಿ, ಗಂಟೆಗಳ ವಿಳಂಬವೂ ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಇಂಥ ಉಬ್ಬನ್ನು ಮನೆಯಲ್ಲಿ ಬಲವಂತವಾಗಿ ಒಳಗೆ ಒತ್ತಬಾರದು.

ವಿಧಾನಗಳು

ಇಟಲಿಯ ಎಡೋರ್ಡೋ ಬಾಸ್ಸೀನಿ 1880ರ ದಶಕದಲ್ಲಿ ಅಂಗಾಂಶಗಳನ್ನೇ ಸೇರಿಸಿ ಹೊಲಿಯುವ ವಿಧಾನವನ್ನು ರೂಪಿಸಿದರು. ಹೊಲಿಗೆಯ ಎಳೆತವೇ ನೋವಿಗೂ ಮರುಕಳಿಕೆಗೂ ಕಾರಣವೆಂದು ಕಂಡ ಅಮೆರಿಕದ ಇರ್ವಿಂಗ್ ಲಿಚ್ಟೆನ್‌ಸ್ಟೈನ್ 1980ರ ದಶಕದಲ್ಲಿ ಪಾಲಿಪ್ರೊಪಿಲೀನ್ ಜಾಲರಿಯನ್ನು ಹರಡಿ ಹೊಲಿಯುವ ಕ್ರಮವನ್ನು ಪ್ರಚಾರಕ್ಕೆ ತಂದರು. ಇಂದು ಹೆಚ್ಚು ಬಳಕೆಯಲ್ಲಿರುವ ತೆರೆದ ಶಸ್ತ್ರಕ್ರಿಯೆ ಇದೇ. ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೊಸ್ಕೋಪಿಯಲ್ಲಿ ಆರಂಭದ ನೋವು ಕಡಿಮೆ. ಆದರೆ ಅದಕ್ಕೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಮತ್ತು ಅನುಭವಿ ಶಸ್ತ್ರವೈದ್ಯರು ಬೇಕು.

ಜಾಲರಿಯ ಬೆಲೆ ಬಡ ರೋಗಿಗಳಿಗೆ ಹೊರೆಯಾಗಿದ್ದಾಗ, ಮಹಾರಾಷ್ಟ್ರದ ದೊಂಡಾಯಿಚಾದ ಶಸ್ತ್ರವೈದ್ಯ ರವೀಂದ್ರನಾಥ ಟೊಂಗಾಂವ್ಕರ್ ಸೊಳ್ಳೆಪರದೆಯ ಬಟ್ಟೆಯನ್ನು ಕ್ರಿಮಿಶುದ್ಧಗೊಳಿಸಿ ಬಳಸಿದರು. 2016ರಲ್ಲಿ ಪ್ರಕಟವಾದ ಉಗಾಂಡಾದ ಅಧ್ಯಯನದಲ್ಲಿ, ಒಂದು ವರ್ಷದ ಬಳಿಕ ಇಂಥ ಅಗ್ಗದ ಜಾಲರಿಯ ಫಲಿತಾಂಶ ದುಬಾರಿ ಜಾಲರಿಯದಕ್ಕಿಂತ ಗಮನಾರ್ಹವಾಗಿ ಭಿನ್ನವಾಗಿರಲಿಲ್ಲ.

ಶಸ್ತ್ರಚಿಕಿತ್ಸೆಯ ದಿನ

ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಮಧುಮೇಹದ ಔಷಧಿ ಸೇವಿಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಘನ ಆಹಾರವನ್ನು ಸಾಮಾನ್ಯವಾಗಿ ಆರು ಗಂಟೆ ಮೊದಲು ನಿಲ್ಲಿಸಲಾಗುತ್ತದೆ. ತೆರೆದ ಶಸ್ತ್ರಕ್ರಿಯೆಯನ್ನು ಆ ಭಾಗವನ್ನಷ್ಟೇ ಮರಗಟ್ಟಿಸಿ ಅಥವಾ ಬೆನ್ನಿಗೆ ಚುಚ್ಚುಮದ್ದು ನೀಡಿ ನಡೆಸಬಹುದು. ಎರಡನೆಯದರಲ್ಲಿ ಕೆಲವು ಗಂಟೆ ಕಾಲುಗಳು ಜೋಮು ಹಿಡಿದಂತಿರುತ್ತವೆ, ಮೂತ್ರ ಕಟ್ಟಿಕೊಳ್ಳುವುದೂ ಉಂಟು. ಅನೇಕರು ಅದೇ ದಿನ ಅಥವಾ ಮರುದಿನ ಮನೆಗೆ ಮರಳುತ್ತಾರೆ.

ಚೇತರಿಕೆ

ಮೊದಲ ಎರಡು ಮೂರು ದಿನ ನೋವು ಹೆಚ್ಚು. ಹಾಸಿಗೆಯಿಂದ ನೇರವಾಗಿ ಏಳುವ ಬದಲು ಮಗ್ಗುಲಿಗೆ ಹೊರಳಿ ಕೈಯೂರಿ ಏಳುವುದು, ಕೆಮ್ಮುವಾಗ ಗಾಯದ ಮೇಲೆ ಅಂಗೈ ಅಥವಾ ದಿಂಬು ಒತ್ತಿ ಹಿಡಿಯುವುದು ನೋವನ್ನು ತಗ್ಗಿಸುತ್ತದೆ. ಮಲಗಿಯೇ ಇರುವುದಕ್ಕಿಂತ ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ನಡೆದಾಡುವುದು ಒಳಿತು. ನೋವುನಿವಾರಕಗಳಿಂದ ಮಲಬದ್ಧತೆ ಉಂಟಾಗಬಹುದಾದ್ದರಿಂದ ನೀರು, ಹಣ್ಣು, ಸೊಪ್ಪು ಹೆಚ್ಚಿರಬೇಕು. ಅಗತ್ಯವಿದ್ದರೆ ಮಲ ಮೆದುವಾಗಿಸುವ ಔಷಧಿ ಕೇಳಿ ಪಡೆಯಬಹುದು.

ರೋಗಿಗಳನ್ನು ಹೆದರಿಸುವ ಎರಡು ಸಂಗತಿಗಳು ಬಹುತೇಕ ನಿರಪಾಯಕಾರಿ. ವೃಷಣಚೀಲ ಮತ್ತು ಶಿಶ್ನಕ್ಕೆ ರಕ್ತ ಇಳಿದು ಅವು ಕಪ್ಪು-ನೀಲಿಯಾಗುವುದು ಮೊದಲನೆಯದು. ಒಂದೆರಡು ವಾರಗಳಲ್ಲಿ ಬಣ್ಣ ಮಾಸುತ್ತದೆ. ಹರ್ನಿಯಾ ಇದ್ದ ಜಾಗದಲ್ಲಿ ದ್ರವ ತುಂಬಿ ಮತ್ತೆ ಊದಿಕೊಳ್ಳುವುದು ಎರಡನೆಯದು. ಹರ್ನಿಯಾವೇ ಮರಳಿತೆಂಬ ಭಾವನೆ ಹುಟ್ಟಿದರೂ ಈ ದ್ರವ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ದೇಹದಲ್ಲೇ ಇಂಗುತ್ತದೆ. ಗಾಯದ ಕೆಳಗಿನ ಗಟ್ಟಿ ದಿಂಡು ಮೆತ್ತಗಾಗಲು ತಿಂಗಳುಗಳೇ ಬೇಕು.

ಕೆಲಸಕ್ಕೆ ಮರಳುವ ಬಗೆಗಿನ ಸಲಹೆ ಬದಲಾಗಿದೆ. ಮೂರು ತಿಂಗಳು ಭಾರ ಎತ್ತಬಾರದೆಂಬ ಹಳೆಯ ಮಾತು ಇಂದಿಗೂ ಚಾಲ್ತಿಯಲ್ಲಿದ್ದು, ದಿನಗೂಲಿ ಮಾಡುವವರ ಮಟ್ಟಿಗೆ ಅದು ಸಣ್ಣ ನಷ್ಟವಲ್ಲ. ಬೇಗನೆ ಚಟುವಟಿಕೆಗೆ ಮರಳುವುದರಿಂದ ಮರುಕಳಿಕೆ ಹೆಚ್ಚುವುದಿಲ್ಲವೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಅದರ ಪ್ರಕಾರ ನೋವು ಅನುವು ಮಾಡಿಕೊಟ್ಟಷ್ಟನ್ನು ಮಾಡಬಹುದು. ವ್ಯವಹಾರದಲ್ಲಿ ಕುಳಿತು ಮಾಡುವ ಕೆಲಸಕ್ಕೆ ಒಂದೆರಡು ವಾರ, ಮೂಟೆ ಹೊರುವಂಥ ದುಡಿಮೆಗೆ ನಾಲ್ಕರಿಂದ ಆರು ವಾರ ಬೇಕಾಗುತ್ತದೆ. ದೊಡ್ಡ ಅಥವಾ ಮರುಕಳಿಸಿದ ಹರ್ನಿಯಾ ಇದ್ದವರಿಗೆ ವೈದ್ಯರು ಹೆಚ್ಚು ಅವಧಿ ಸೂಚಿಸಬಹುದು. ನೋವಿಲ್ಲದೆ ಒಮ್ಮೆಗೇ ಬ್ರೇಕ್ ಒತ್ತಲು ಸಾಧ್ಯವಾಗುವವರೆಗೆ ವಾಹನ ಚಲಾಯಿಸಬಾರದು.

ತೊಡಕುಗಳು

ಜ್ವರ, ಗಾಯದಿಂದ ಕೀವು, ಹೆಚ್ಚುತ್ತಲೇ ಹೋಗುವ ಊತ, ನಿಲ್ಲದ ವಾಂತಿ, ಮೂತ್ರ ಹೋಗದಿರುವುದು ಅಥವಾ ವೃಷಣದಲ್ಲಿ ತೀವ್ರ ನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮೀನಖಂಡದಲ್ಲಿ ಊತ, ನೋವು ಅಥವಾ ಉಸಿರಾಟದ ತೊಂದರೆ ರಕ್ತ ಹೆಪ್ಪುಗಟ್ಟಿರುವುದರ ಸೂಚನೆಯಾಗಿರಬಹುದು.

ಗಾಯದ ಸುತ್ತ ಚರ್ಮ ಸ್ಪರ್ಶ ಕಳೆದುಕೊಳ್ಳುವುದು ಸಾಮಾನ್ಯ. ಮೂರು ತಿಂಗಳ ನಂತರವೂ ಉಳಿಯುವ ನೋವು ಇದಕ್ಕಿಂತ ಗಂಭೀರವಾದುದು. ದೈನಂದಿನ ಜೀವನಕ್ಕೆ ಅಡ್ಡಿಯಾಗುವ ಮಟ್ಟದ ನೋವು ಸುಮಾರು ಹತ್ತರಲ್ಲಿ ಒಬ್ಬರಲ್ಲಿ ಉಳಿಯಬಹುದೆಂದು ಅದೇ ಮಾರ್ಗಸೂಚಿ ಅಂದಾಜಿಸಿದೆ. ಬಹುಪಾಲು ಪ್ರಕರಣಗಳಲ್ಲಿ ಇದು ಕಾಲಕ್ರಮೇಣ ಇಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮೊದಲು ನೋವೇ ಇಲ್ಲದವರು ನಿರ್ಧಾರ ಕೈಗೊಳ್ಳುವಾಗ ಈ ಸಾಧ್ಯತೆಯನ್ನು ವೈದ್ಯರೊಂದಿಗೆ ಚರ್ಚಿಸುವುದು ಅಗತ್ಯ.