ಗುಂಡಿಗೊಂದು ಅಂಕಿ, ವಾದ್ಯಗಳಿಗೊಂದು ಭಾಷೆ

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವರು ಕಾಲಿನಿಂದ ಪೆಡಲ್ ಒತ್ತಿದರೆ, ಬೆರಳೆತ್ತಿದ ಮೇಲೂ ಸ್ವರ ನಿಲ್ಲುತ್ತದೆ. ಆದರೆ ‘ಕಂಟ್ರೋಲರ್’ ಎಂಬ ಬಗೆಯ ಕೀಬೋರ್ಡಿಗೆ ಸ್ವಂತ ದನಿಯೇ ಇಲ್ಲ. ಅದು ತಂತಿಯಲ್ಲಿ ಕಳಿಸುವುದು ಅಂಕಿಗಳನ್ನು ಮಾತ್ರ. ದನಿ ಹೊರಡಿಸುವುದು ಇನ್ನೊಂದು ವಾದ್ಯ ಅಥವಾ ಕಂಪ್ಯೂಟರ್.

ಈ ಅಂಕಿಗಳ ಭಾಷೆಯೇ ‘ಮಿಡಿ’. ಇಂಗ್ಲಿಷಿನ ಮೊದಲಕ್ಷರಗಳಿಂದಾದ ಹೆಸರಾದರೂ, ವೀಣೆಯ ತಂತಿ ಮಿಡಿಯುವ ನಮಗೆ ಅದು ಪರಕೀಯವೆನಿಸದು.

1980ರ ಸುಮಾರಿಗೆ ಒಂದು ಕಂಪೆನಿಯ ಸಿಂಥಸೈಜರ್‌ಗೆ ಮತ್ತೊಂದರ ಮಾತು ತಿಳಿಯುತ್ತಿರಲಿಲ್ಲ. ಜಪಾನಿನ ರೋಲ್ಯಾಂಡ್ ಸಂಸ್ಥಾಪಕ ಇಕುಟಾರೊ ಕಾಕೆಹಾಶಿ, ಅಮೆರಿಕದ ಸೀಕ್ವೆನ್ಶಿಯಲ್ ಸರ್ಕ್ಯೂಟ್ಸ್‌ನ ಡೇವ್ ಸ್ಮಿತ್ ಪೈಪೋಟಿ ಬದಿಗಿಟ್ಟು ಕೈಜೋಡಿಸಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ವಾಣಿಜ್ಯ ಮೇಳವೊಂದರಲ್ಲಿ ಎರಡೂ ಕಂಪೆನಿಗಳ ವಾದ್ಯಗಳನ್ನು ಜೋಡಿಸಲಾಯಿತು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು!

ಗುಂಡಿ, ಪೆಡಲುಗಳನ್ನು ಪ್ರೋಗ್ರಾಮ್ ಮಾಡುವುದೆಂದರೆ ಯಾವುದು ಯಾವ ಸಂಖ್ಯೆ ಕಳಿಸಬೇಕೆಂದು ಗೊತ್ತುಪಡಿಸುವುದು. 7 ಎಂದರೆ ವಾಲ್ಯೂಮ್. 64 ಎಂದರೆ ಸ್ವರ ಹಿಡಿದಿಡುವ ಪೆಡಲ್. ಜೊತೆಗೆ 0ಯಿಂದ 127ರೊಳಗಿನ ಇನ್ನೊಂದು ಅಂಕಿ ಹೋಗುತ್ತದೆ. ಪೆಡಲಿನ ಮಟ್ಟಿಗೆ 63ರವರೆಗೆ ‘ಬಿಡು’, 64ರಿಂದ ಮೇಲೆ ‘ಹಿಡಿ’. ಅದೇ ಪೆಡಲಿಗೆ 7 ಕೊಟ್ಟರೆ, ಸ್ವರ ಹಿಡಿಯುತ್ತಿದ್ದ ಕಾಲು ವಾಲ್ಯೂಮ್ ಬದಲಿಸತೊಡಗುತ್ತದೆ. ಗುಂಡಿಯೊಂದಕ್ಕೆ ಕೊಳಲಿನ ದನಿಯಿಂದ ಪಿಟೀಲಿನ ದನಿಗೆ ಹೊರಳುವ ಆಜ್ಞೆಯನ್ನೂ ಕೊಡಬಹುದು.

ಈ ಭಾಷೆಗೆ ಅವರು ರಾಯಧನ ಕೇಳಲಿಲ್ಲ. ಅದು ಮನೆಮನೆಯ ಕೀಬೋರ್ಡಿಗೂ ಹರಡಲು ಈ ಔದಾರ್ಯ ನೆರವಾಯಿತು. 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಸಂದಿತು. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. 2020ರಲ್ಲಿ ಮಿಡಿಯ ಎರಡನೇ ಆವೃತ್ತಿ ಬಂದರೂ 64ರ ಅರ್ಥ ಬದಲಾಗಿಲ್ಲ. ಹಳೆಯ ಕೀಬೋರ್ಡಿನ ಪೆಡಲ್ ಒತ್ತಿದರೆ, ಇಂದಿನ ಕಂಪ್ಯೂಟರ್ ಕೂಡ ಸ್ವರವನ್ನು ಹಿಡಿದು ನಿಲ್ಲಿಸುತ್ತದೆ.