ಇವೆಂಟ್ ನಿರ್ವಹಣೆ (ಲೈಬ್ರರಿ ವಿನ್ಯಾಸ)

ಕೀಲಿ ಒತ್ತಿದಾಗ, ಮೌಸ್ ಕ್ಲಿಕ್ ಆದಾಗ ಯಾವ ಫಂಕ್ಷನ್ ಓಡಬೇಕೆಂದು ಪ್ರೋಗ್ರಾಮಿನಲ್ಲಿ ಗೊತ್ತುಪಡಿಸುವ ಕ್ರಮ. ಸಾಮಾನ್ಯ ಬಳಕೆಗೆ ಇವೆಂಟಿನ ಹೆಸರು ಮತ್ತು ಫಂಕ್ಷನ್ ಎರಡನ್ನೇ ಬರೆದರೆ ಸಾಕಾಗಿ, ಮಿಕ್ಕ ಆಯ್ಕೆಗಳನ್ನು ಲೈಬ್ರರಿಯೇ ತುಂಬಿಕೊಂಡರೆ ಅದನ್ನು ಡಿಫಾಲ್ಟ್ ರೂಪ ಎನ್ನುತ್ತಾರೆ.

ಇತಿಹಾಸ

ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ 2000ರ ನವೆಂಬರಿನಲ್ಲಿ ಪ್ರಕಟಿಸಿದ ಶಿಫಾರಸಿನ ‘ಆಡ್‌ಇವೆಂಟ್‌ಲಿಸನರ್’ ಮೂರು ಆರ್ಗ್ಯುಮೆಂಟ್ ಕೇಳುತ್ತಿತ್ತು. ಮೂರನೆಯದು ಹೆಚ್ಚಿನ ಪಾಲು ‘ಫಾಲ್ಸ್’ ಆಗಿರುತ್ತಿದ್ದರೂ ಬರೆಯದೆ ವಿಧಿಯಿರಲಿಲ್ಲ. ಅದು ಐಚ್ಛಿಕವಾದದ್ದು ಬಹಳ ತಡವಾಗಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರವರೆಗೆ ‘ಅಟ್ಯಾಚ್‌ಇವೆಂಟ್’ ಎಂಬ ಬೇರೆಯೇ ದಾರಿ ಹಿಡಿದಿತ್ತು. ಜಾನ್ ರೆಸಿಗ್ 2006ರಲ್ಲಿ ಹೊರತಂದ ಜೆಕ್ವೆರಿ ಲೈಬ್ರರಿ ಈ ಭೇದವನ್ನು ಮರೆಮಾಡಿತು. ಆದರೆ ಅದರೊಳಗೇ ‘ಬೈಂಡ್’, ‘ಲೈವ್’ (2009), ‘ಡೆಲಿಗೇಟ್’ (2010) ಎಂದು ಮೂರು ಹೆಸರುಗಳು ಬೆಳೆದವು. ಬರೆಯಲು ‘ಲೈವ್’ ಬಲು ಸಲೀಸು. ಆದರೆ ಇವೆಂಟ್ ಪುಟದ ತುದಿಯವರೆಗೆ ಏರಿ ಬಂದ ಮೇಲಷ್ಟೇ ಅದು ಕೆಲಸ ಮಾಡುತ್ತಿದ್ದುದರಿಂದ ನಡುವೆ ತಡೆಯಲು ಬರುತ್ತಿರಲಿಲ್ಲ. 2011ರಲ್ಲಿ ‘ಆನ್’ ಈ ಮೂರರ ಜಾಗಕ್ಕೂ ಬಂತು, 2013ರ 1.9 ಆವೃತ್ತಿಯಲ್ಲಿ ‘ಲೈವ್’ ಅನ್ನು ಕಿತ್ತುಹಾಕಲಾಯಿತು.

ಕನ್ನಡ ಟೈಪಿಂಗ್

ಈ ವಿನ್ಯಾಸದ ಬಿಗಿ ಪರೀಕ್ಷೆ, ಬಹುಶಃ, ಭಾರತೀಯ ಲಿಪಿಗಳ ಟೈಪಿಂಗಿನಲ್ಲೇ ಸಿಗುತ್ತದೆ. ಕನ್ನಡ ವಿಕಿಪೀಡಿಯದಲ್ಲಿ ಬಳಕೆಯಲ್ಲಿರುವ ಜೆಕ್ವೆರಿ.ಐಎಂಇ ಲೈಬ್ರರಿಯನ್ನು ಪಠ್ಯಚೌಕಕ್ಕೆ ಜೋಡಿಸಲು ‘ಐಎಂಇ’ ಎಂಬ ಒಂದು ಕರೆ ಸಾಕು. ಒಳಗೆ ಅದು ‘ಕೀಪ್ರೆಸ್.ಐಎಂಇ’ ಹೆಸರಿನಲ್ಲಿ ಕಿವಿಗೊಟ್ಟಿರುತ್ತದೆ.

ಕೆ. ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದಿಂದ ಮನೆಮಾತಾದ ಕೀಲಿಮಣೆ ವಿನ್ಯಾಸದಲ್ಲಿ ಹರಪನಹಳ್ಳಿ ತಾಲ್ಲೂಕಿನ ‘ಉಚ್ಚಂಗಿದುರ್ಗ’ಕ್ಕೆ ಹನ್ನೆರಡು ಕೀಲಿಗಳು: ಯು, ಸಿ, ಎಫ್, ಸಿ, ದೊಡ್ಡ ಎಂ, ಜಿ, ಐ, ಡಿ, ಯು, ಆರ್, ಎಫ್, ಜಿ. ಮೊದಲ ‘ಯು’ಗೆ ‘ಉ’ ಮೂಡುತ್ತದೆ. ಎರಡನೆಯ ಸಲ ಅದೇ ಕೀಲಿ ಒತ್ತಿದರೆ ಫಂಕ್ಷನ್ ಕರ್ಸರಿನ ಹಿಂದೆ ‘ದ’ ಇರುವುದನ್ನು ನೋಡಿ ಕೊಂಬು ಕೊಟ್ಟು ‘ದು’ ಮಾಡುತ್ತದೆ. ‘ಎಫ್’ ಹಲಂತ. ನಿಯಮ ಸಿಕ್ಕರೆ ಫಂಕ್ಷನ್ ‘ಫಾಲ್ಸ್’ ಹಿಂದಿರುಗಿಸಿ ಬ್ರೌಸರನ್ನು ತಡೆಯುತ್ತದೆ, ಸಿಗದಿದ್ದರೆ ಒತ್ತಿದ ಅಕ್ಷರ ಹಾಗೆಯೇ ಬೀಳುತ್ತದೆ.

ಹೆಸರಿನ ಬಾಲಕ್ಕಿರುವ ‘.ಐಎಂಇ’ ಅಲಂಕಾರವಲ್ಲ. ಪಠ್ಯಚೌಕಕ್ಕೆ ಬೇರೆ ಸಲಕರಣೆಗಳೂ ಕಿವಿಗೊಟ್ಟಿರಬಹುದು. ಜೋಡಣೆ ಕಳಚುವ ‘ಆಫ್’ ಕರೆಗೆ ಬರೀ ‘ಕೀಪ್ರೆಸ್’ ಎಂದು ಕೊಟ್ಟರೆ ಅಲ್ಲಿ ಜೆಕ್ವೆರಿ ಮೂಲಕ ಜೋಡಿಸಿದ ಆ ಬಗೆಯ ಫಂಕ್ಷನ್‌ಗಳೆಲ್ಲ ಕಳಚಿಬೀಳುತ್ತವೆ. ಬಾಲದ ಹೆಸರು ಹೇಳಿದರೆ ತನ್ನವಷ್ಟೇ ಹೋಗುತ್ತವೆ. ಡಿಫಾಲ್ಟ್ ರೂಪಗಳ ಚರ್ಚೆಯಲ್ಲಿ ‘ಆನ್’ಗೆ ಸಿಗುವ ಗಮನ ‘ಆಫ್’ಗೆ ಸಿಕ್ಕಿಲ್ಲವೆಂದೇ ಹೇಳಬೇಕು.

ಡಿಫಾಲ್ಟ್ ಬದಲಾವಣೆ

ಕ್ರೋಮ್ 56 (2017) ಇಡೀ ಪುಟಕ್ಕೆ ಜೋಡಿಸಿದ ಟಚ್ ಇವೆಂಟುಗಳನ್ನು ತಾನಾಗಿ ‘ಪ್ಯಾಸಿವ್’ (ಸ್ಕ್ರೋಲ್ ತಡೆಯಲಾಗದವು) ಎಂದು ಪರಿಗಣಿಸತೊಡಗಿತು. ಸ್ಕ್ರೋಲಿಂಗ್ ಚುರುಕಾಯಿತು, ಆದರೆ ಸ್ಕ್ರೋಲ್ ತಡೆಯಲೆಂದು ಬರೆದಿದ್ದ ಹಳೆಯ ಕೋಡ್ ಕೆಲವೆಡೆ ನಿಷ್ಫಲವಾಯಿತು. ತಡೆ ಬೇಕಾದವರು ‘ಪ್ಯಾಸಿವ್: ಫಾಲ್ಸ್’ ಎಂದು ಬಿಡಿಸಿ ಬರೆಯಬೇಕು.