ಪರೇಲಿನ ಪ್ರತಿವಿಷ

ಹಾವಿನ ವಿಷವನ್ನು ಕುರಿತು ಕನ್ನಡಿಗರು ಬರೆಯತೊಡಗಿದುದು ಇಂದು ನಿನ್ನೆಯ ಮಾತಲ್ಲ. 14ನೆಯ ಶತಮಾನದ ಜೈನಕವಿ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಸ್ಥಾವರ ಜಂಗಮವೆಂಬ ಎರಡು ಬಗೆಯ ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ವಿವರಿಸುವ ಪದ್ಯಗ್ರಂಥ. ಅದರ ಮದ್ದುಗಳೆಲ್ಲ ಫಲಕಾರಿಯೆಂದು ಇಂದು ವಾದಿಸಬೇಕಾಗಿಲ್ಲ. ಆದರೆ ವಿಷವೈದ್ಯವು ನಾಡನುಡಿಯಲ್ಲಿಯೇ ಜನರಿಗೆ ದೊರೆಯಬೇಕೆಂಬ ಅದರ ಹವಣಿಕೆ ಗಮನಾರ್ಹವಾದುದು.

ಮುಂಬಯಿಯಲ್ಲಿ ಈ ವಿದ್ಯೆಯ ಹೊಸ ಅಧ್ಯಾಯ ತೆರೆದುದು ಪರೇಲಿನಲ್ಲಿ. ಪ್ಲೇಗಿನ ಹಾವಳಿಯ ಕಾಲದಲ್ಲಿ, 1896ರಲ್ಲಿ, ವಾಲ್ಡೆಮಾರ್ ಹಾಫ್‌ಕಿನರು ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಆರಂಭಿಸಿದ ಪ್ರಯೋಗಶಾಲೆಯು 1899ರಲ್ಲಿ ಪರೇಲಿನ ಹಳೆಯ ರಾಜಭವನಕ್ಕೆ ಬಂದಿತು. 1925ರಿಂದ ಅವರ ಹೆಸರನ್ನೇ ಧರಿಸಿದೆ. ಆ ವೇಳೆಗೆ ಫ್ರಾನ್ಸಿನ ಆಲ್ಬರ್ಟ್ ಕ್ಯಾಲ್ಮೆಟ್ಟರು ನಾಗರಹಾವಿನ ವಿಷಕ್ಕೆ ಸೀರಮ್ಮನ್ನು ಸಿದ್ಧಗೊಳಿಸಿ, ಅದು ಎಲ್ಲ ಹಾವುಗಳ ಕಡಿತಕ್ಕೂ ಒದಗೀತೆಂದು ನಂಬಿದ್ದರು. ಪರೇಲಿನಲ್ಲಿ ದುಡಿದ ಜಾರ್ಜ್ ಲ್ಯಾಂಬರು 20ನೆಯ ಶತಮಾನದ ಆರಂಭದಲ್ಲಿ ಆ ನಂಬಿಕೆಯನ್ನು ಒರೆಗೆ ಹಚ್ಚಿದರು. ನಾಗರದ ವಿಷ ನರಗಳನ್ನು ಹಿಡಿದು ಉಸಿರನ್ನು ನಿಲ್ಲಿಸುತ್ತದೆ. ಕೊಳಕುಮಂಡಲದ್ದು ನೆತ್ತರು ಹೆಪ್ಪುಗಟ್ಟುವ ಕ್ರಮವನ್ನೇ ಕೆಡಿಸುತ್ತದೆ. ಒಂದರ ಪ್ರತಿವಿಷ ಇನ್ನೊಂದಕ್ಕೆ ಸಲ್ಲದು.

ಇದರ ಫಲವೇ ಮುಂದೆ ಬಂದ ಬಹುವಿಷಹರ ಸೀರಮ್ಮು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಕುದುರೆಗಳಿಗೆ ಸ್ವಲ್ಪಸ್ವಲ್ಪವಾಗಿ ಏರಿಸಿ ಚುಚ್ಚಿ, ಅವುಗಳ ರಕ್ತದಿಂದ ಅದನ್ನು ಪಡೆಯುತ್ತಾರೆ. ಪಶ್ಚಿಮಘಟ್ಟದ ಗುಳಿಮಂಡಲಗಳು ಈ ನಾಲ್ವರ ಪಂಕ್ತಿಯಲ್ಲಿಲ್ಲ. ಮಲೆನಾಡಿನ ತೋಟದ ಆಳಿಗೆ ಇದು ಸಣ್ಣ ಕೊರತೆಯೇನಲ್ಲ.

ಔಷಧವಿದ್ದೂ ಸಾವು ನಿಲ್ಲಲಿಲ್ಲವೇಕೆ? 2000ದಿಂದ 2019ರ ವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷವೆಂದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ವರ್ಷಕ್ಕೆ ಸರಾಸರಿ 58,000. ಬಹುಮಂದಿ ಹಳ್ಳಿಗರು, ಅರ್ಧದಷ್ಟು ಸಾವು ಮಳೆಗಾಲದಲ್ಲಿ. ಬರಿಗಾಲಿನಲ್ಲಿ ನಾಟಿಗಿಳಿದವನನ್ನು ಮಂಡಲ ಕಚ್ಚುತ್ತದೆ. ನೆಲದ ಮೇಲೆ ಮಲಗಿದವಳನ್ನು ಕಟ್ಟುಹಾವು ನಿದ್ದೆಯಲ್ಲಿಯೇ, ನೋವೂ ತಿಳಿಯದಂತೆ, ಕಚ್ಚಿ ಹೋಗುತ್ತದೆ. ಮೊದಲು ಮಂತ್ರವಾದಿಯ ಮನೆ, ಆಮೇಲೆ ಆಸ್ಪತ್ರೆ. ಹೊತ್ತು ಅಲ್ಲಿಯೇ ಕಳೆಯುತ್ತದೆ. ಬಡವನ ಅಜ್ಞಾನವೊಂದನ್ನೇ ದೂರುವುದು ನ್ಯಾಯವಲ್ಲ. ಮಂತ್ರವಾದಿ ನೆರೆಯಲ್ಲಿದ್ದಾನೆ, ಸೀರಮ್ಮಿನ ಸೀಸೆ ತಾಲೂಕು ಕೇಂದ್ರದಲ್ಲಿದೆ.

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವುಕಡಿತವನ್ನು ಉಪೇಕ್ಷಿತ ಉಷ್ಣವಲಯ ವ್ಯಾಧಿಗಳಲ್ಲಿ ಸೇರಿಸಿತು. ಕರ್ನಾಟಕ ಸರ್ಕಾರವು 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವ್ಯಾಧಿಯೆಂದು ಸಾರಿತು. ಆಸ್ಪತ್ರೆಗೆ ಬಂದವರ ಲೆಕ್ಕ ಇನ್ನು ಸಿಕ್ಕೀತು. ಬರುವ ದಾರಿಯಲ್ಲಿ ಅಸುನೀಗಿದವರನ್ನು ಆ ಖಾತೆಗೆ ಏರಿಸುವುದು ಇನ್ನೂ ಕಷ್ಟದ ಕೆಲಸವೇ.